ಅಮ್ಮನಿಗೆ ಕೊಡುವ ಪೋಕೋ ಎಫ್1: ಕಸ್ಟಮ್ ರಾಮ್ ಹಾಕಬೇಕಾ?

ನಮಸ್ಕಾರ ಸರ್. ನಿಮ್ಮ ಪ್ರಶ್ನೆಗೆ ಆಗಲೇ ಸುಮಾರು ಉತ್ತರ ಬಂದಿವೆ. ಹೆಚ್ಚಿನವರು "ಲಿನೇಜ್ ಹಾಕಿ, ಫೋನ್ ಹೊಸದಾಗುತ್ತದೆ" ಅಂದಿದ್ದಾರೆ. ಲಿನೇಜ್ ಒಂದು ಕಸ್ಟಮ್ ರಾಮ್ (ROM), ಅಂದರೆ ಕಂಪನಿ ಕೊಟ್ಟ ಆಂಡ್ರಾಯ್ಡ್ ತೆಗೆದು ಅದರ ಜಾಗಕ್ಕೆ ಹಾಕುವ ಬೇರೆ ಆಂಡ್ರಾಯ್ಡ್. ನನ್ನ ಅಭಿಪ್ರಾಯ ಬೇರೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬಿಡುವಾದಾಗ ಪೂರ್ತಿ ಓದಿ.

ನೀವು ಹೇಳಿದ್ದು ಇಷ್ಟು: 2018ರಲ್ಲಿ ತಗೊಂಡ ಪೋಕೋ ಎಫ್1, 6 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್. ಬ್ಯಾಟರಿ ಮಧ್ಯಾಹ್ನಕ್ಕೇ ಖಾಲಿ. ಆ್ಯಪ್ ತೆರೆಯುವುದು ನಿಧಾನ. ಅಪ್‌ಡೇಟ್ ಆಂಡ್ರಾಯ್ಡ್ 10ಕ್ಕೇ ನಿಂತಿದೆ. ಕಸ್ಟಮ್ ರಾಮ್ ಹಾಕಿ, ರೂಟ್ ಮಾಡಿ (ಅಂದರೆ ಫೋನಿನ ಒಳಗಿನದೆಲ್ಲ ಬದಲಿಸುವ ಪೂರ್ತಿ ಅಧಿಕಾರ ಪಡೆದು), ಊರಲ್ಲಿರುವ ಅಮ್ಮನಿಗೆ ಕೊಡಬೇಕು. ಅಮ್ಮ ಜಿಯೋ ಸಿಮ್ ಬಳಸುತ್ತಾರೆ, ಯುಪಿಐನಲ್ಲಿ ದುಡ್ಡು ಕಳಿಸುತ್ತಾರೆ, ಉಳಿದಂತೆ ವಾಟ್ಸ್‌ಆ್ಯಪ್ ಮತ್ತು ಯೂಟ್ಯೂಬ್.

ಅಮ್ಮನ ಕೈಗೆ ಹೋಗುವ ಫೋನ್ ಆದರೆ, ಹೊರಗಿನ ತಂತ್ರಾಂಶ ಒಳಗೆ ಬಿಡದೆ ಕಾಯುವ ಬೂಟ್‌ಲೋಡರ್ ಮುಟ್ಟಬೇಡಿ. ಬ್ಯಾಟರಿ ಬದಲಿಸಿ, ಕಸ ತೆಗೆಯಿರಿ, ಹಾಗೇ ಕೊಡಿ. ಕಸ್ಟಮ್ ರಾಮ್ ನಿಮ್ಮ ಸ್ವಂತ ಎರಡನೇ ಫೋನಿಗೆ ಇಟ್ಟುಕೊಳ್ಳಿ. ನನ್ನ ಬಳಿಯೂ ಇದೇ ಫೋನ್ ಇದೆ, ಅದರಲ್ಲಿ ಲಿನೇಜ್ ಚೆನ್ನಾಗಿಯೇ ಓಡುತ್ತಿದೆ. ಆದರೆ ಬ್ಯಾಂಕಿನ ಒಂದು ಆ್ಯಪ್ ಕೂಡ ಅದರಲ್ಲಿ ಇಲ್ಲ.

ಈ ಫೋನ್ ನಿಧಾನ ಆಗಿದ್ದು ಚಿಪ್‌ನಿಂದ ಅಲ್ಲ. ಸ್ನ್ಯಾಪ್‌ಡ್ರ್ಯಾಗನ್ 845 ಆ ಕಾಲದ ಅತಿ ದುಬಾರಿ ಫೋನುಗಳಲ್ಲಿ ಇದ್ದ ಚಿಪ್. ಅದನ್ನು 20,999 ರೂಪಾಯಿಗೆ ಕೊಟ್ಟಿದ್ದಕ್ಕೇ ಅಲ್ವಾ ಆಗ ಈ ಫೋನ್ ಅಷ್ಟು ಸದ್ದು ಮಾಡಿದ್ದು? ವಾಟ್ಸ್‌ಆ್ಯಪ್, ಯೂಟ್ಯೂಬ್‌ಗೆ ಇವತ್ತಿಗೂ ಅದು ಧಾರಾಳ ಸಾಕು. ತೊಂದರೆ ಇರುವುದು ಹಳೆಯ ಬ್ಯಾಟರಿಯಲ್ಲಿ ಮತ್ತು ತುಂಬಿ ತುಳುಕುವ ಸ್ಟೋರೇಜ್‌ನಲ್ಲಿ.

ಮೊದಲು ಬ್ಯಾಟರಿ. ಆಕ್ಯುಬ್ಯಾಟರಿ ಅನ್ನುವ ಆ್ಯಪ್ ಹಾಕಿಕೊಂಡು ಕೆಲವು ದಿನ ಮಾಮೂಲಿಯಂತೆ ಚಾರ್ಜ್ ಮಾಡಿ. ಒಂದೇ ಸಲಕ್ಕೆ ಬರುವ ಅಂಕಿ ನಂಬಬೇಡಿ, ನಾಲ್ಕೈದು ಚಾರ್ಜ್ ಆದ ಮೇಲೆ ಲೆಕ್ಕ ಒಂದು ಕಡೆ ನಿಲ್ಲುತ್ತದೆ. ಹೊಸದರಲ್ಲಿ ಇದ್ದದ್ದು 4,000 ಎಂಎಎಚ್. ಈಗ 3,000ಕ್ಕಿಂತ ಕೆಳಗೆ ತೋರಿಸಿದರೆ ಸುಮ್ನೆ ಸೆಟ್ಟಿಂಗ್ಸ್‌ನಲ್ಲಿ ಹುಡುಕಾಡಬೇಡಿ, ಬ್ಯಾಟರಿ ಬದಲಿಸಿ. ಲಿಥಿಯಂ ಬ್ಯಾಟರಿ ಸಾಮಾನ್ಯವಾಗಿ 500ರಿಂದ 800 ಪೂರ್ತಿ ಚಾರ್ಜ್ ಆಗುವ ಹೊತ್ತಿಗೆ ತನ್ನ ಐದರಲ್ಲೊಂದು ಪಾಲು ಕಳೆದುಕೊಳ್ಳುತ್ತದೆ. ನಿಮ್ಮದು ಆ ಲೆಕ್ಕವನ್ನು ಎಂದೋ ದಾಟಿರುತ್ತದೆ. ಹಳೆಯ ಬ್ಯಾಟರಿ ಒಮ್ಮೆಲೇ ಜಾಸ್ತಿ ಕರೆಂಟ್ ಕೊಡಲಾರದು. ಕ್ಯಾಮೆರಾ ತೆರೆದಾಗ 20 ಶೇಕಡಾ ಇದ್ದ ಫೋನ್ ಪಟ್ಟನೆ ಆಫ್ ಆಗುವುದಕ್ಕೆ ಕಾರಣ ಅದೇ.

ಫೋನನ್ನು ಮೇಜಿನ ಮೇಲೆ ಮಲಗಿಸಿ ಪಕ್ಕದಿಂದ ಒಂದು ಸಲ ನೋಡಿ. ಹಿಂದಿನ ಪ್ಲಾಸ್ಟಿಕ್ ಕವಚಕ್ಕೂ ಫ್ರೇಮಿಗೂ ನಡುವೆ ಉಗುರು ಹೋಗುವಷ್ಟು ಸಂದಿ ಕಂಡರೆ, ಅಥವಾ ಪರದೆ ಒಂದು ಬದಿ ಎದ್ದಂತೆ ಕಂಡರೆ, ಬ್ಯಾಟರಿ ಉಬ್ಬಿದೆ ಎಂದರ್ಥ. ಹಾಗಿದ್ದರೆ ಇವತ್ತೇ ಚಾರ್ಜ್ ಹಾಕುವುದು ನಿಲ್ಲಿಸಿ. ಒತ್ತಿ ಕೂರಿಸಲು ಹೋಗಬೇಡಿ.

ಬದಲಿ ಬ್ಯಾಟರಿಯ ಮಾಡೆಲ್ ಬಿಎಂ4ಇ. ಕೊಳ್ಳುವಾಗ ಲೇಬಲ್ ಮೇಲೆ ತಯಾರಾದ ತಿಂಗಳು ನೋಡಿ. ಬೆಂಗಳೂರಿನ ಎಸ್.ಪಿ. ರೋಡ್ ಆಗಲಿ ನಿಮ್ಮೂರಿನ ಅಂಗಡಿ ಆಗಲಿ, ಕೇಳಲು ಸಂಕೋಚ ಬೇಡ. ವರ್ಷಗಟ್ಟಲೆ ಪೆಟ್ಟಿಗೆಯಲ್ಲೇ ಕೂತ ಬ್ಯಾಟರಿಯೂ ಬಳಸದೆಯೇ ಹಳತಾಗುತ್ತದೆ. ಅದೇ ಅಳತೆಯ ಬ್ಯಾಟರಿ ಮೇಲೆ 5,000, 6,000 ಎಂದು ಬರೆದಿದ್ದರೆ ಅದು ಸುಳ್ಳು, ಅಷ್ಟು ಜಾಗದಲ್ಲಿ ಅಷ್ಟು ಹಿಡಿಸುವುದಿಲ್ಲ. ಮನೆಯಲ್ಲೇ ಬಿಚ್ಚಬೇಡಿ. ಕವಚವನ್ನು ಗೋಂದು ಹಿಡಿದಿರುತ್ತದೆ, ಬಿಸಿ ಮಾಡಿ ನಿಧಾನ ಎಬ್ಬಿಸಬೇಕು. ಹಿಂಬದಿಯ ಬೆರಳಚ್ಚು ಸೆನ್ಸರ್‌ನ ಪಟ್ಟಿ ತುಂಬಾ ತೆಳು. "ಫಿಂಗರ್‌ಪ್ರಿಂಟ್ ಪಟ್ಟಿ ಜೋಪಾನ" ಅಂತ ರಿಪೇರಿಯವರಿಗೆ ಮೊದಲೇ ಹೇಳಿ. ನಿಮ್ಮ ಎದುರಿಗೇ ಹಾಕಿಸಿ, ಬೆರಳಿಟ್ಟು ಪರೀಕ್ಷಿಸಿ ದುಡ್ಡು ಕೊಡಿ.

ಹೊಸ ದೊಡ್ಡ ಚಾರ್ಜರ್ ತರಬಹುದಾ ಎಂದೂ ಕೇಳಿದ್ದಿರಿ. 67 ವ್ಯಾಟ್‌ನದು ತಂದರೂ ಈ ಫೋನ್ ತನಗೆ ಬೇಕಾದಷ್ಟೇ ಎಳೆದುಕೊಳ್ಳುತ್ತದೆ. ಇದು ಕ್ವಿಕ್ ಚಾರ್ಜ್ 3ರ ಫೋನ್, ಮಿತಿ 18 ವ್ಯಾಟ್. ಪೆಟ್ಟಿಗೆಯಲ್ಲಿ ಬಂದ ಚಾರ್ಜರ್ ಸರಿ ಇದ್ದರೆ ಹೊಸದು ಬೇಡವೇ ಬೇಡ. ಹೊಸದು ಕೊಂಡರೆ ಅದರ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತಿನ ಜೊತೆ "ಆರ್" ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಯಾರ ಹೆಸರಲ್ಲಿ ಇದೆ ಎಂದು ಗೊತ್ತಾಗುತ್ತದೆ. ಕೇಬಲ್ ಸಡಿಲ ಎಂದು ಅನ್ನಿಸಿದರೆ ಕೇಬಲ್ ಬಿಸಾಡುವ ಮುಂಚೆ ಫೋನ್ ಆಫ್ ಮಾಡಿ, ಪೋರ್ಟ್ ಒಳಗೆ ಟಾರ್ಚ್ ಬಿಟ್ಟು ನೋಡಿ. ಜೇಬಿನ ಬಟ್ಟೆಯ ನಾರು ಒತ್ತಿ ಒತ್ತಿ ಗಟ್ಟಿಯಾಗಿ ಕೂತಿರುತ್ತದೆ. ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆದಕಿದರೆ ಸಾಕು, ಪಿನ್ ಹಾಕಬೇಡಿ.

ಇನ್ನು ಕಸ. 64 ಜಿಬಿಯಲ್ಲಿ 10 ಜಿಬಿಯಾದರೂ ಖಾಲಿ ಇರಲಿ. ವಾಟ್ಸ್‌ಆ್ಯಪ್ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ಅಂಡ್ ಡೇಟಾ, ಅದರಲ್ಲಿ ಮ್ಯಾನೇಜ್ ಸ್ಟೋರೇಜ್ ಒತ್ತಿ. ಯಾವ ಗುಂಪು ಎಷ್ಟು ಜಾಗ ತಿಂದಿದೆ ಎಂದು ದೊಡ್ಡದರಿಂದ ಚಿಕ್ಕದರವರೆಗೆ ತೋರಿಸುತ್ತದೆ. ಗುಡ್ ಮಾರ್ನಿಂಗ್ ವಿಡಿಯೋಗಳೇ ಎಷ್ಟೋ ಜಿಬಿ ಆಗಿರುತ್ತವೆ. ಅದೇ ಸ್ಟೋರೇಜ್ ಅಂಡ್ ಡೇಟಾ ಪುಟದಲ್ಲಿ ತಾನಾಗಿ ಡೌನ್‌ಲೋಡ್ ಆಗುವುದನ್ನೂ ನಿಲ್ಲಿಸಿ, ಇಲ್ಲದಿದ್ದರೆ ಮತ್ತೆ ಅದೇ ಕಥೆ. ಅಮ್ಮನಿಗೆ ಕೊಡುವ ಮುಂಚೆ ನಿಮ್ಮ ಫೋಟೋ ಎಲ್ಲ ತೆಗೆದಿಟ್ಟುಕೊಂಡು ಒಮ್ಮೆ ಫ್ಯಾಕ್ಟರಿ ರೀಸೆಟ್ ಮಾಡುವುದು ಇನ್ನೂ ಒಳ್ಳೆಯದು.

ಈ ಫೋನಿನಲ್ಲಿ ಬರುವ ಶವೋಮಿ ಕಂಪನಿಯ ತಂತ್ರಾಂಶ ಎಂಐಯುಐ. ಅದರ ಜಾಹೀರಾತುಗಳಿಂದ ವಯಸ್ಸಾದವರಿಗೆ ನಿಜವಾಗಿಯೂ ತೊಂದರೆ. ಯಾವುದನ್ನೋ ಒತ್ತಿ ಏನೋ ಇನ್‌ಸ್ಟಾಲ್ ಆಗಿರುತ್ತದೆ. ಸೆಟ್ಟಿಂಗ್ಸ್‌ನ ಪಾಸ್‌ವರ್ಡ್ಸ್ ಅಂಡ್ ಸೆಕ್ಯುರಿಟಿ, ಅಲ್ಲಿಂದ ಆಥರೈಸೇಶನ್ ಅಂಡ್ ರೆವೊಕೇಶನ್‌ಗೆ ಹೋಗಿ. ಎಂಎಸ್ಎ ಅಂತ ಒಂದು ಹೆಸರು ಇರುತ್ತದೆ, ಜಾಹೀರಾತು ತೋರಿಸುವುದು ಅದೇ, ಅದನ್ನು ಆಫ್ ಮಾಡಿ. ಹತ್ತು ಸೆಕೆಂಡು ಕಾಯಿಸುತ್ತದೆ. ಆಮೇಲೂ ಆಗಲಿಲ್ಲ ಎಂದು ತೋರಿಸಬಹುದು, ಮತ್ತೆ ಮತ್ತೆ ಒತ್ತಿ, ಆಗುತ್ತದೆ. ಇಂಟರ್‌ನೆಟ್ ಆನ್ ಇರಲಿ.

ವೇಗಕ್ಕೆ ಒಂದೇ ಒಂದು ತಿದ್ದುಪಡಿ ಸಾಕು. ಅಬೌಟ್ ಫೋನ್‌ನಲ್ಲಿ ಎಂಐಯುಐ ವರ್ಷನ್ ಮೇಲೆ ಏಳು ಸಲ ಒತ್ತಿದರೆ ಡೆವಲಪರ್ ಆಪ್ಷನ್ಸ್ ತೆರೆಯುತ್ತದೆ. ಅಲ್ಲಿ ಮೂರು ಅನಿಮೇಶನ್ ಸ್ಕೇಲ್‌ಗಳು ಒಂದರ ಕೆಳಗೊಂದು ಇವೆ, ಮೂರನ್ನೂ 0.5ಕ್ಕೆ ಇಳಿಸಿ. ಚಿಪ್‌ನ ವೇಗ ಏನೂ ಹೆಚ್ಚುವುದಿಲ್ಲ, ಒಂದು ಪರದೆಯಿಂದ ಇನ್ನೊಂದಕ್ಕೆ ಜಾರುವ ಹೊತ್ತು ಅರ್ಧವಾಗುತ್ತದೆ. ಕೈಗೆ ಮಾತ್ರ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. "ರ‍್ಯಾಮ್ ಕ್ಲೀನರ್", "ಬ್ಯಾಟರಿ ಸೇವರ್" ಆ್ಯಪ್ ಯಾವುದನ್ನೂ ಹಾಕಬೇಡಿ. ಮುಚ್ಚಿದ ಆ್ಯಪ್ ಮತ್ತೆ ಶುರುವಾಗಲು ಜಾಸ್ತಿ ಬ್ಯಾಟರಿಯೇ ಬೇಕು.

ಈಗ ಕಸ್ಟಮ್ ರಾಮ್ ಯಾಕೆ ಬೇಡ ಅಂದೆ ಎಂದು ಹೇಳುತ್ತೇನೆ. ನನಗೆ ಈ ಹವ್ಯಾಸದ ಮೇಲೆ ತುಂಬಾ ಪ್ರೀತಿ. 2009ರಲ್ಲಿ ಶುರುವಾದ ಸಯನೋಜೆನ್‌ಮಾಡ್ 2016ರ ಕೊನೆಗೆ ನಿಂತಾಗ ಲಿನೇಜ್ ಓಎಸ್ ಅದನ್ನು ಮುಂದುವರಿಸಿತು. ಕಂಪನಿ ಕೈಬಿಟ್ಟ ಎಷ್ಟೋ ಫೋನುಗಳು ಇದರಿಂದ ಬದುಕಿವೆ. ಪೋಕೋ ಎಫ್1ಗಂತೂ ಎಷ್ಟು ರಾಮ್, ಎಷ್ಟು ಕರ್ನಲ್! ವಿಂಡೋಸ್ ಓಡಿಸಿದವರೂ ಇದ್ದಾರೆ. ಆದರೂ ಅಮ್ಮನ ಕೆಲಸಗಳ ಪ್ರಕಾರ ನೋಡಿದರೆ ಅದು ಸರಿ ಹೋಗುವುದಿಲ್ಲ.

ಮೊದಲನೆಯದು ಬ್ಯಾಂಕ್. ಬೂಟ್‌ಲೋಡರ್ ತೆರೆದ ಫೋನ್ ಗೂಗಲ್‌ನ ಪ್ಲೇ ಇಂಟೆಗ್ರಿಟಿ ಪರೀಕ್ಷೆಯಲ್ಲಿ (ಫೋನಿನ ತಂತ್ರಾಂಶ ಬದಲಾಗಿದೆಯಾ ಎಂದು ನೋಡುವ ಪರೀಕ್ಷೆ) ಪೂರ್ತಿ ಪಾಸ್ ಆಗುವುದಿಲ್ಲ. ಎಷ್ಟೋ ಬ್ಯಾಂಕ್ ಆ್ಯಪ್‌ಗಳು ಅದನ್ನು ಕೇಳಿ ನೋಡಿ, ಫೇಲ್ ಆದರೆ ತೆರೆಯುವುದೇ ಇಲ್ಲ. ರೂಟ್ ಮಾಡುವ ಮ್ಯಾಜಿಸ್ಕ್ ಹಾಕಿ, ಮೇಲೆ ಮಾಡ್ಯೂಲ್ ಹಾಕಿ ಮರೆಮಾಚುವವರಿದ್ದಾರೆ. ಗೂಗಲ್ ಬಾಗಿಲು ಮುಚ್ಚುತ್ತದೆ, ಇವರು ಇನ್ನೊಂದು ಕಿಟಕಿ ಹುಡುಕುತ್ತಾರೆ. ಇವತ್ತು ನಡೆದದ್ದು ಮುಂದಿನ ವಾರ ನಡೆಯದು. ನಿಮಗೆ ಅದು ಸಂಜೆಯ ಕೆಲಸ. ಅಮ್ಮ ದಿನಸಿ ಅಂಗಡಿಯಲ್ಲಿ ನಿಂತು ದುಡ್ಡು ಕಳಿಸಲು ಆಗದೆ ನಿಮಗೆ ಫೋನ್ ಮಾಡಿದರೆ ಏನು ಮಾಡುತ್ತೀರಿ?

ಎರಡನೆಯದು ಜಿಯೋ. ಅದಕ್ಕೆ 2ಜಿ, 3ಜಿ ಇಲ್ಲವೇ ಇಲ್ಲ. ಮಾತು ಹೋಗುವುದು 4ಜಿ ಮೇಲೆಯೇ ಕಾಲ್ ಸಾಗಿಸುವ ವಿಓಎಲ್‌ಟಿಇ ಮೂಲಕ. ಒಂದು ರಾಮ್‌ನಲ್ಲಿ ವಿಓಎಲ್‌ಟಿಇ ಕೆಟ್ಟರೆ ಡೇಟಾ ಇರುತ್ತದೆ, ಮಾಮೂಲಿ ಕಾಲ್ ಮಾತ್ರ ಹೋಗುವುದೂ ಇಲ್ಲ, ಬರುವುದೂ ಇಲ್ಲ. ಲಿನೇಜ್‌ನಲ್ಲಿ ಇದು ಸಾಮಾನ್ಯವಾಗಿ ಸರಿ ಇರುತ್ತದೆ, ಟೆಲಿಗ್ರಾಂನಲ್ಲಿ ಸಿಗುವ ಎಲ್ಲ ರಾಮ್‌ಗೂ ಹಾಗೆ ಹೇಳಲಾರೆ. ಇನ್ನೊಂದು, ಲಿನೇಜ್‌ನಲ್ಲಿ ಮುಖ ತೋರಿಸಿ ಫೋನ್ ತೆರೆಯುವ ಸೌಲಭ್ಯ ಇಲ್ಲ. ಕತ್ತಲಲ್ಲೂ ಮುಖ ಗುರುತಿಸುವುದು ಈ ಫೋನಿನ ದೊಡ್ಡ ಅನುಕೂಲ. ಬೆರಳಚ್ಚು ಸವೆದ ಕೈಗಳಿಗೆ ಅದೇ ಬೇಕು.

ಆಂಡ್ರಾಯ್ಡ್ 10ಕ್ಕೆ ಭದ್ರತಾ ಅಪ್‌ಡೇಟ್ ಇಲ್ಲವಲ್ಲ ಎಂದು ಕೇಳುತ್ತೀರಿ, ಸರಿಯಾದ ಪ್ರಶ್ನೆ. ಅಪಾಯ ಇಲ್ಲ ಎಂದು ನಾನು ಹೇಳುವುದಿಲ್ಲ. ಅದಕ್ಕೆ ಸಂಬಳ, ಪೆನ್ಷನ್ ಬರುವ ಖಾತೆ ಆ ಫೋನಿಗೆ ಬೇಡ. ಬೇರೊಂದು ಖಾತೆಯಲ್ಲಿ ತಿಂಗಳ ಖರ್ಚಿನಷ್ಟು ಮಾತ್ರ ಇಟ್ಟು, ಅದನ್ನೇ ಯುಪಿಐಗೆ ಸೇರಿಸಿ. ಕ್ರೋಮ್ ಮತ್ತು ಬೇರೆ ಆ್ಯಪ್‌ಗಳ ಒಳಗೆ ವೆಬ್ ಪುಟ ತೋರಿಸುವ ವೆಬ್‌ವ್ಯೂ ಪ್ಲೇಸ್ಟೋರ್‌ನಲ್ಲಿ ತಾನಾಗಿ ಅಪ್‌ಡೇಟ್ ಆಗುವಂತೆ ಇಡಿ. ವಾಟ್ಸ್‌ಆ್ಯಪ್‌ನಲ್ಲಿ ಬರುವ ಮದುವೆ ಕರೆಯೋಲೆ ಹೆಸರಿನ ಎಪಿಕೆ ಫೈಲ್ (ಆ್ಯಪ್ ಇನ್‌ಸ್ಟಾಲ್ ಮಾಡುವ ಫೈಲ್) ಒತ್ತಬಾರದು ಎಂದು ಅಮ್ಮನಿಗೆ ಫೋನ್ ಹಿಡಿದು ತೋರಿಸಿಯೇ ಹೇಳಿ. ಸ್ವಲ್ಪ ದುಡ್ಡು ಹೊಂದಿಸಲು ಆದರೆ ಯುಪಿಐಗೆ ಅಪ್‌ಡೇಟ್ ಬರುವ ಒಂದು ಚಿಕ್ಕ ಹೊಸ ಫೋನ್ ತೆಗೆದುಕೊಟ್ಟು, ಎಫ್1 ನೀವೇ ಇಟ್ಟುಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು.

ಹಾಗೆ ನೀವೇ ಇಟ್ಟುಕೊಂಡರೆ ಖಂಡಿತ ಲಿನೇಜ್ ಹಾಕಿ. ಎಲ್ಲ ಹಂತ ಇಲ್ಲಿ ಬರೆಯುವುದಿಲ್ಲ, ಲಿನೇಜ್ ವಿಕಿಯಲ್ಲಿ ಬೆರಿಲಿಯಂ ಹೆಸರಿನ ಪುಟ ನೋಡಿ, ಈ ಫೋನಿನ ಸಂಕೇತನಾಮ ಅದೇ. ಜನ ಎಡವುವ ಜಾಗಗಳನ್ನು ಮಾತ್ರ ಹೇಳುತ್ತೇನೆ.

ಮೊದಲು ಕಂಪನಿಯದೇ ಕೊನೆಯ ಎಂಐಯುಐ 12ಕ್ಕೆ ಅಪ್‌ಡೇಟ್ ಆಗಿರಿ. ಹೊಸ ರಾಮ್ ಕೆಳಗೆ ಮೋಡೆಮ್ ಮುಂತಾದ ಭಾಗಗಳನ್ನು ನಡೆಸುವ ಹಳೆಯ ಫರ್ಮ್‌ವೇರ್ ಹಾಗೇ ಉಳಿಯುತ್ತದೆ, ಅದು ಕೊನೆಯದೇ ಆಗಿರಬೇಕು. ಬೂಟ್‌ಲೋಡರ್ ತೆರೆಯಲು ಡೆವಲಪರ್ ಆಪ್ಷನ್ಸ್‌ನಲ್ಲಿ ಶವೋಮಿಯ ಎಂಐ ಅಕೌಂಟ್ ಜೋಡಿಸಿ ಕಾಯಬೇಕು. ಸಾಮಾನ್ಯವಾಗಿ 168 ಗಂಟೆ, ಅಂದರೆ ಒಂದು ವಾರ ಎನ್ನುತ್ತದೆ. ನಡುವೆ ಅಕೌಂಟ್ ತೆಗೆದು ಮತ್ತೆ ಹಾಕಿದರೆ ಲೆಕ್ಕ ಮೊದಲಿಂದ ಶುರುವಾಗಬಹುದು. ಸುಮ್ಮನೆ ಕಾಯಿರಿ. ತೆರೆದ ಕ್ಷಣ ಫೋನಿನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಫೋಟೋ ಎಲ್ಲರಿಗೂ ನೆನಪಿರುತ್ತದೆ, ಆಥೆಂಟಿಕೇಟರ್ ಆ್ಯಪ್‌ನ ಕೋಡ್‌ಗಳು ಮರೆತುಹೋಗುತ್ತವೆ. ಅವನ್ನು ಮೊದಲೇ ಬೇರೆ ಫೋನಿಗೆ ಸಾಗಿಸಿ.

ಆಮೇಲೆ ಪವರ್ ಮತ್ತು ವಾಲ್ಯೂಮ್ ಡೌನ್ ಒಟ್ಟಿಗೆ ಹಿಡಿದರೆ ಟೋಪಿ ಹಾಕಿದ ಮೊಲ ಒಂದು ಹಸಿರು ರೋಬೋ ರಿಪೇರಿ ಮಾಡುವ ಚಿತ್ರ ಬರುತ್ತದೆ. ಅದೇ ಫಾಸ್ಟ್‌ಬೂಟ್, ಕಂಪ್ಯೂಟರ್ ಮೂಲಕ ಫೋನಿಗೆ ಫೈಲ್ ಹಾಕುವ ಪರದೆ, ಗಾಬರಿ ಬೇಡ. ಟಿಡಬ್ಲ್ಯುಆರ್‌ಪಿ ಎಂಬ ರಿಕವರಿ (ಆಂಡ್ರಾಯ್ಡ್ ಶುರುವಾಗುವ ಮುಂಚೆಯೇ ತೆರೆದು ರಾಮ್ ಹಾಕುವ ಪರದೆ) ಬಳಸುವುದಾದರೆ ಮೊದಲ ಕೆಲಸ ಇಎಫ್ಎಸ್ ಮತ್ತು ಪರ್ಸಿಸ್ಟ್ ಎಂಬ ಭಾಗಗಳ ಬ್ಯಾಕಪ್. ಫೋನಿನ ಗುರುತಿನ ಸಂಖ್ಯೆ ಐಎಂಇಐ, ಸೆನ್ಸರ್ ಅಳತೆಗಳು ಅಲ್ಲೇ ಇರುವುದು. ಆ ಬ್ಯಾಕಪ್ ಕಂಪ್ಯೂಟರ್‌ಗೆ ಸಾಗಿಸಿ. ನಂತರ ಬರೀ ವೈಪ್ ಸಾಲದು, ಫಾರ್ಮ್ಯಾಟ್ ಡೇಟಾ ಒತ್ತಿ "ಯೆಸ್" ಎಂದು ಟೈಪ್ ಮಾಡಬೇಕು. ಇಲ್ಲದಿದ್ದರೆ ಹಳೆಯ ಎನ್‌ಕ್ರಿಪ್ಷನ್ ಉಳಿದುಕೊಂಡು ಫೋನ್ ಲೋಗೋದಲ್ಲೇ ತಿರುಗುತ್ತಿರುತ್ತದೆ. ಪ್ಲೇಸ್ಟೋರ್ ಬೇಕಿದ್ದರೆ ಜಿಆ್ಯಪ್ಸ್ (ಗೂಗಲ್ ಆ್ಯಪ್‌ಗಳ ಕಟ್ಟು) ಅನ್ನು ಮೊದಲ ಸಲ ಬೂಟ್ ಆಗುವ ಮುಂಚೆಯೇ ಹಾಕಿ. ಒಮ್ಮೆ ಬೂಟ್ ಆದ ಮೇಲೆ ಹಾಕಿದರೆ ಆ್ಯಪ್‌ಗಳು ಕುಸಿಯುತ್ತವೆ, ಮತ್ತೆ ಎಲ್ಲ ಅಳಿಸಿ ಶುರು ಮಾಡಬೇಕು.

ಡಿಸ್‌ಪ್ಲೇ ಎಂದಾದರೂ ಬದಲಿಸಿದ್ದೀರಾ? ಹೊರಗಿನ ಡಿಸ್‌ಪ್ಲೇಯಲ್ಲಿ ಬೇರೆ ಟಚ್ ಚಿಪ್ ಇದ್ದರೆ ರಿಕವರಿಯಲ್ಲಿ ಟಚ್ ಕೆಲಸ ಮಾಡದೇ ಇರಬಹುದು. ಓಟಿಜಿ ಅಡಾಪ್ಟರ್, ಒಂದು ಯುಎಸ್‌ಬಿ ಮೌಸ್ ಪಕ್ಕದಲ್ಲಿ ಇಟ್ಟುಕೊಂಡೇ ಕೂತುಕೊಳ್ಳಿ.

ವಾಪಸ್ ಎಂಐಯುಐಗೆ ಬರುವಾಗ ಇನ್ನೂ ಹುಷಾರು. ಅದಕ್ಕೆ ಕಂಪ್ಯೂಟರ್‌ನಲ್ಲಿ ಬಳಸುವ ಎಂಐ ಫ್ಲ್ಯಾಶ್ ಟೂಲ್‌ನ ಕೆಳಗಡೆ ಬಲ ಮೂಲೆಯಲ್ಲಿ "ಕ್ಲೀನ್ ಆಲ್ ಅಂಡ್ ಲಾಕ್" ಎಂದು ಮೊದಲೇ ಆಯ್ಕೆ ಆಗಿರುತ್ತದೆ. ಅದನ್ನು "ಕ್ಲೀನ್ ಆಲ್" ಮಾಡಿ. ತಪ್ಪು ಫೈಲ್ ಹಾಕಿ ಲಾಕ್ ಆದರೆ ಫೋನ್ ಬೂಟ್ ಆಗುವುದಿಲ್ಲ, ಮತ್ತೆ ಅನ್‌ಲಾಕ್ ಮಾಡುವುದೂ ದೊಡ್ಡ ರಗಳೆ. ಕಸ್ಟಮ್ ರಾಮ್ ಇರುವಾಗ ಬೂಟ್‌ಲೋಡರ್ ಲಾಕ್ ಮಾಡಲು ಎಂದಿಗೂ ಹೋಗಬೇಡಿ.

ರೂಟ್ ಬೇಡ. ಒಂದು ಕಾಲದಲ್ಲಿ ಬೇಕಿತ್ತು. ಹಳೆಯ ಆಂಡ್ರಾಯ್ಡ್‌ನಲ್ಲಿ ಕನ್ನಡ ಬರೀ ಚೌಕ ಚೌಕವಾಗಿ ಕಾಣುತ್ತಿತ್ತು. ರೂಟ್ ಮಾಡಿ ಫಾಂಟ್ ತುರುಕಿದರೂ ಒತ್ತಕ್ಷರ ಪಕ್ಕಕ್ಕೆ ಬಿದ್ದಿರುತ್ತಿತ್ತು. ಒಪೆರಾ ಮಿನಿಯ ಕಾನ್ಫಿಗ್ ಪುಟದಲ್ಲಿ ಬಿಟ್‌ಮ್ಯಾಪ್ ಫಾಂಟ್ ಆನ್ ಮಾಡಿ ಕನ್ನಡ ಓದಿದವರು ಈ ಗುಂಪಿನಲ್ಲಿ ಖಂಡಿತ ಇದ್ದಾರೆ. ಈಗ ಕನ್ನಡ ಫೋನಿನಲ್ಲೇ ಬರುತ್ತದೆ. ಜಾಹೀರಾತು ತಡೆಯಲು ಆಂಡ್ರಾಯ್ಡ್ 9ರಿಂದ ಪ್ರೈವೇಟ್ ಡಿಎನ್ಎಸ್ ಇದೆ, ಜಾಹೀರಾತು ತಡೆಯುವ ಸರ್ವರ್‌ನ ಹೆಸರು ಅಲ್ಲಿ ಹಾಕಿದರೆ ಸಾಕು. ಇನ್ನು ರೂಟ್ ಯಾತಕ್ಕೆ?

ಕ್ಯಾಮೆರಾಗೆ ಮಾತ್ರ ಜಿಕ್ಯಾಮ್ (ಗೂಗಲ್‌ನ ಪಿಕ್ಸೆಲ್ ಫೋನುಗಳ ಕ್ಯಾಮೆರಾ ಆ್ಯಪ್) ಹಾಕಿ ನೋಡಿ, ಅದಕ್ಕೆ ರೂಟೂ ಬೇಡ, ಬೂಟ್‌ಲೋಡರ್ ತೆರೆಯುವುದೂ ಬೇಡ. ಈ ಫೋನಿನ ಹಿಂದಿನ ಮುಖ್ಯ ಸೆನ್ಸರ್ ಸೋನಿ ಐಎಂಎಕ್ಸ್363, ಪಿಕ್ಸೆಲ್ 3ರಲ್ಲಿ ಇದ್ದದ್ದೂ ಅದೇ. ಸಂಜೆ ಬೆಳಕಿನಲ್ಲಿ ಮನೆ ಮುಂದಿನ ತುಳಸಿ ಕಟ್ಟೆಯನ್ನು ಎರಡೂ ಕ್ಯಾಮೆರಾ ಆ್ಯಪ್‌ನಲ್ಲಿ ತೆಗೆದು, ಎಲೆಯ ಅಂಚು ಹಿಗ್ಗಿಸಿ ನೋಡಿ, ವ್ಯತ್ಯಾಸ ಎದ್ದು ಕಾಣುತ್ತದೆ. ನಂಬಿಕಸ್ತ ಜಾಗದಿಂದಲೇ ಫೈಲ್ ತಗೊಳ್ಳಿ, ಅಮ್ಮನ ಫೋನಿಗೆ ನೀವೇ ಹಾಕಿಕೊಡಿ.

ಸದ್ಯಕ್ಕೆ ಇಷ್ಟು ಮಾಡಿ: ಆಕ್ಯುಬ್ಯಾಟರಿಯ ಅಂಕಿ, ಎಂಐಯುಐ ವರ್ಷನ್ ಪುಟದ ಸ್ಕ್ರೀನ್‌ಶಾಟ್, ಫೋನಿನ ಪಕ್ಕದ ನೋಟದ ಒಂದು ಫೋಟೋ ಇಲ್ಲೇ ಹಾಕಿ. ಡಿಸ್‌ಪ್ಲೇ ಬದಲಿಸಿದ್ದರೆ ಅದನ್ನೂ ಬರೆಯಿರಿ. ನೋಡಿ ಹೇಳುತ್ತೇನೆ. ಐಎಂಇಐ ಕಾಣುವ ಭಾಗವನ್ನು ಮರೆಯದೆ ಅಳಿಸಿ ಹಾಕಿ.