11 ಗಂಟೆ ಡ್ಯೂಟಿ, ಪೇ ಸ್ಲಿಪ್‌ನಲ್ಲಿ 5 ಗಂಟೆ: ಎಲ್ಲಿ ನೋಡಬೇಕು

ಸಣ್ಣ ಏರ್‌ಲೈನ್‌ನಲ್ಲಿ ಕ್ಯಾಬಿನ್ ಕ್ರೂ ಆಗಿ 11 ಗಂಟೆ ಡ್ಯೂಟಿ ಮಾಡಿದರೂ 5 ಗಂಟೆಗೇ ಸಂಬಳ ಬಂದಿದೆ ಅಂದಿದ್ದೀರಿ. ಕಾರಣ ಬಹುಶಃ ಬ್ಲಾಕ್ ಅವರ್ ಲೆಕ್ಕ. ವಿಮಾನ ನಿಂತ ಜಾಗದಿಂದ ಕದಲಿದಾಗ ಶುರುವಾಗಿ, ಇಳಿದು ಮತ್ತೆ ನಿಂತಾಗ ಮುಗಿಯುವ ಸಮಯ ಅದು. ಪ್ರಯಾಣಿಕರನ್ನು ಹತ್ತಿಸುವುದು, ಬ್ಯಾಗ್ ಎತ್ತಿಡುವುದು, ಮುಂದಿನ ಹಾರಾಟಕ್ಕೆ ಕಾಯುವುದು ಯಾವುದೂ ಅದರಲ್ಲಿ ಸೇರುವುದಿಲ್ಲ. ಸಣ್ಣ ಏರ್‌ಲೈನ್‌ನಲ್ಲಿ ಹಾರಾಟಗಳು ಚಿಕ್ಕವು, ಹತ್ತಿಸಿ ಇಳಿಸುವುದೇ ಜಾಸ್ತಿ. ಹಾಗಾಗಿ ಪೆಟ್ಟು ನಿಮಗೇ ಹೆಚ್ಚು. ಇದು ನ್ಯಾಯವಲ್ಲ ಅಂತಲೇ ನಾನು ಹೇಳುತ್ತೇನೆ.

ಮೊದಲು ಕರಾರು ತೆಗೆದು ಓದಿ. ತಿಂಗಳಿಗೆ ಕನಿಷ್ಠ ಇಷ್ಟು ಗಂಟೆ ಅಂತ ಖಾತ್ರಿ ಇದೆಯಾ, ಸ್ಟ್ಯಾಂಡ್‌ಬೈ ದಿನಕ್ಕೆ (ಕರೆದರೆ ಹೋಗಲು ಸಿದ್ಧವಾಗಿ ಕಾಯುವ ದಿನ) ದುಡ್ಡಿದೆಯಾ, ದಿನಭತ್ಯೆ ಎಷ್ಟು, ನೋಡಿ. ಇದು ಒಂದೊಂದು ಕಂಪನಿಯಲ್ಲಿ ಒಂದೊಂದು ಥರ. ನಮ್ಮ ಕಂಪನಿಯಲ್ಲಿ ಸಂಬಳದ ಲೆಕ್ಕದಿಂದ ಬಿಟ್ಟುಹೋಗಿದ್ದು ಸ್ಟ್ಯಾಂಡ್‌ಬೈ ದಿನಗಳೇ.

ಆಮೇಲೆ ಪ್ರತಿ ದಿನ ನಾಲ್ಕು ಸಮಯ ಬರೆದಿಡಿ: ರಿಪೋರ್ಟ್ ಮಾಡಿದ್ದು, ವಿಮಾನ ಕದಲಿದ್ದು, ನಿಂತಿದ್ದು, ಡ್ಯೂಟಿ ಬಿಟ್ಟಿದ್ದು. ರೋಸ್ಟರ್ (ಡ್ಯೂಟಿ ಪಟ್ಟಿ) ಬಂದ ತಕ್ಷಣ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಆಮೇಲೆ ಬದಲಾದರೆ ಸಾಕ್ಷಿ ಬೇಕಲ್ವಾ? ತಿಂಗಳ ಕೊನೆಗೆ ಸ್ಲಿಪ್ ಜೊತೆ ಹೋಲಿಸಿ, ತಾಳೆಯಾಗದ ದಿನಗಳನ್ನಷ್ಟೇ ಹೆಸರಿಸಿ ಪೇರೋಲ್‌ಗೆ ಮೇಲ್ ಹಾಕಿ. ಫೋನ್‌ನಲ್ಲಿ ಸುಮ್ನೆ ಕೇಳಿದರೆ ದಾಖಲೆ ಉಳಿಯುವುದಿಲ್ಲ.

ರಾತ್ರಿ ನಿದ್ದೆ ಸಾಲುತ್ತಿಲ್ಲ ಅಂದಿದ್ದನ್ನು ಸಂಬಳದ ದೂರಿನ ಜೊತೆ ಬೆರೆಸಬೇಡಿ. ಎಷ್ಟು ಹೊತ್ತು ಕೆಲಸ ಮಾಡಿಸಬಹುದು ಅನ್ನುವ ಡ್ಯೂಟಿ ಮಿತಿಗೆ ಬ್ಲಾಕ್ ಗಂಟೆ ಮಾತ್ರ ಲೆಕ್ಕವಲ್ಲ, ರಿಪೋರ್ಟ್ ಮಾಡಿದ ಹೊತ್ತಿನಿಂದಲೇ ಎಣಿಕೆ. ವಿಶ್ರಾಂತಿ ಕಡಿಮೆಯಾಗಿದ್ದರೆ ಅದು ಸುರಕ್ಷತೆಯ ವಿಷಯ. ಅದಕ್ಕೆ ಫಟೀಗ್ ರಿಪೋರ್ಟ್ (ದಣಿವಿನ ವರದಿ) ಬೇರೆಯೇ ಹಾಕಿ. ಹಾರುವ ಸ್ಥಿತಿಯಲ್ಲಿಲ್ಲ ಅನಿಸಿದರೆ ವಿಮಾನ ಹತ್ತುವ ಮೊದಲೇ ಹೇಳಿ.