ಹೌಸ್‌ಫುಲ್ ಓಡುವ ಬ್ರಾಡ್‌ವೇ ನಾಟಕ ಯಾಕೆ ನಿಲ್ಲುತ್ತದೆ?

ಪ್ರಶ್ನೆ: ನ್ಯೂಯಾರ್ಕ್‌ನ ದೊಡ್ಡ ಥಿಯೇಟರ್‌ಗಳ ತಾಣವಾದ ಬ್ರಾಡ್‌ವೇಯಲ್ಲಿ ‘ಫ್ಯಾಂಟಮ್ ಆಫ್ ದಿ ಆಪೆರಾ’ ಎಂಬ ಸಂಗೀತ ನಾಟಕ ಕೊನೆಯ ವಾರಗಳಲ್ಲಿ ಹೌಸ್‌ಫುಲ್ ಆಗಿತ್ತಂತೆ. ಆದರೂ 2023ರಲ್ಲಿ ನಿಲ್ಲಿಸಿದರು. ದುಡ್ಡು ತರುವ ನಾಟಕವನ್ನು ಯಾರಾದರೂ ಮುಚ್ಚುತ್ತಾರಾ?

ಉತ್ತರ: ಹೌಸ್‌ಫುಲ್ ಆಗಿದ್ದು ನಿಜ. ಆದರೆ ಅದು ನಿಲ್ಲುತ್ತದೆ ಅಂತ ಗೊತ್ತಾದ ಮೇಲೆ. 2022ರ ಸೆಪ್ಟೆಂಬರ್‌ನಲ್ಲಿ ನಿರ್ಮಾಪಕರು ಸುದ್ದಿ ಹೇಳಿದ್ದೇ ತಡ, ಜನ ಟಿಕೆಟ್‌ಗೆ ಮುಗಿಬಿದ್ದರು. ಫೆಬ್ರವರಿಯಲ್ಲಿ ಮುಗಿಯಬೇಕಿದ್ದದ್ದು ಎಂಟು ವಾರ ಮುಂದಕ್ಕೆ ಹೋಯಿತು. ಕೊನೆಗೆ ವಾರದ ಗಳಿಕೆ 30 ಲಕ್ಷ ಡಾಲರ್ ದಾಟಿತು. 1988ರಲ್ಲಿ ಶುರುವಾದ ನಾಟಕ 13,981 ಪ್ರದರ್ಶನ ಕಂಡು ಏಪ್ರಿಲ್ 16ರಂದು ನಿಂತಿತು.

ಅದಕ್ಕೂ ಮುಂಚಿನ ಲೆಕ್ಕ ಬೇರೆಯೇ ಇತ್ತು. ಬ್ರಾಡ್‌ವೇಯಲ್ಲಿ ವಾರಕ್ಕೆ ಎಂಟು ಆಟ, ಲೆಕ್ಕವೂ ವಾರದ್ದೇ. ಬಾಡಿಗೆ, ಸಂಬಳ, ರಾಯಲ್ಟಿ, ಜಾಹೀರಾತು ಎಲ್ಲ ಸೇರಿ ಈ ನಾಟಕದ ಖರ್ಚು ವಾರಕ್ಕೆ ಹತ್ತಿರಹತ್ತಿರ 10 ಲಕ್ಷ ಡಾಲರ್. ಕೊರೊನಾ ನಂತರ ವಿದೇಶಿ ಪ್ರವಾಸಿಗರು ಮೊದಲಿನಷ್ಟು ಬರಲಿಲ್ಲ. ಲಕ್ಷಾಂತರ ಡಾಲರ್ ಬಂದ ವಾರದಲ್ಲೂ ನಷ್ಟವೇ ಆಗುತ್ತಿತ್ತು. ಖರ್ಚು ಕಡಿಮೆ ಮಾಡಬಹುದಿತ್ತು ಅಲ್ವಾ ಎಂದು ನೀವು ಕೇಳಬಹುದು. ಲಂಡನ್‌ನಲ್ಲಿ ಮಾಡಿದರು. 27 ವಾದ್ಯಗಾರರ ಜಾಗದಲ್ಲಿ 14 ಜನ ಉಳಿದರು. ನ್ಯೂಯಾರ್ಕ್‌ನಲ್ಲಿ ಪೂರ್ತಿ 27 ಮಂದಿ ಕೊನೆಯ ದಿನದವರೆಗೂ ನುಡಿಸಿದರು. ಆ ಸಂಗೀತವನ್ನು ಅರ್ಧ ಮಾಡಿ ಎಳೆಯುವುದಕ್ಕಿಂತ ತುಂಬಿದ ಥಿಯೇಟರ್‌ನಲ್ಲಿ ಮುಗಿಸಿದ್ದೇ ಸರಿ ಅನ್ನುವವನು ನಾನು. ಆದರೆ ಅಷ್ಟು ಜನರ ಕೆಲಸ ಹೋಯಿತಲ್ಲ, ಆ ಬೇಸರ ಸಣ್ಣದಲ್ಲ.

ನಾಟಕಗಳು ನಿಲ್ಲುವುದಕ್ಕೆ ಇನ್ನೊಂದು ಕಾರಣವಿದೆ, ಇದು ನೋಡುಗರಿಗೆ ಕಾಣುವುದೇ ಇಲ್ಲ. ಥಿಯೇಟರ್ ನಾಟಕದವರದ್ದಲ್ಲ. ಇರುವುದೇ 41 ಬ್ರಾಡ್‌ವೇ ಥಿಯೇಟರ್‌ಗಳು, ಹೆಚ್ಚಿನವು ಶೂಬರ್ಟ್, ನೆಡರ್‌ಲ್ಯಾಂಡರ್‌ನಂಥ ಕೆಲವೇ ಸಂಸ್ಥೆಗಳ ಕೈಯಲ್ಲಿವೆ. ಒಪ್ಪಂದದಲ್ಲಿ ‘ಸ್ಟಾಪ್ ಕ್ಲಾಜ್’ ಎಂಬ ಷರತ್ತು ಇರುತ್ತದೆ. ಗಳಿಕೆ ಸಾಮಾನ್ಯವಾಗಿ ಎರಡು ವಾರ ಸತತವಾಗಿ ಗೊತ್ತು ಮಾಡಿದ ಮಟ್ಟಕ್ಕಿಂತ ಕೆಳಗಿಳಿದರೆ, ಜಾಗ ಖಾಲಿ ಮಾಡಿ ಎನ್ನುವ ಹಕ್ಕು ಮಾಲೀಕರಿಗೆ ಸಿಗುತ್ತದೆ. ‘ಬೀಟಲ್‌ಜ್ಯೂಸ್’ ಎಂಬ ಸಂಗೀತ ನಾಟಕಕ್ಕೆ ಆದದ್ದು ಇದೇ. ಶುರುವಿನಲ್ಲಿ ಗಳಿಕೆ ಮಂಕಾಗಿತ್ತು. ಆಮೇಲೆ ಹುಡುಗ ಹುಡುಗಿಯರು ಟಿಕ್‌ಟಾಕ್‌ನಲ್ಲಿ ಅದನ್ನು ಮೆರೆಸಿದರು, ವಾರಕ್ಕೆ 10 ಲಕ್ಷ ಡಾಲರ್ ದಾಟಿತು. ಅಷ್ಟರಲ್ಲಿ ವಿಂಟರ್ ಗಾರ್ಡನ್ ಥಿಯೇಟರ್ ‘ದ ಮ್ಯೂಸಿಕ್ ಮ್ಯಾನ್’ ಎಂಬ ಇನ್ನೊಂದು ನಾಟಕದ ಪಾಲಾಗಿತ್ತು! 2022ರಲ್ಲಿ ಮಾರ್ಕ್ವಿಸ್ ಥಿಯೇಟರ್‌ನಲ್ಲಿ ‘ಬೀಟಲ್‌ಜ್ಯೂಸ್’ ಮತ್ತೆ ತೆರೆಯಿತು.

ಹಾಗೆ ಜಾಗ ಪಡೆದ ‘ಮ್ಯೂಸಿಕ್ ಮ್ಯಾನ್’ ಕೂಡ ಜಾಸ್ತಿ ದಿನ ಇರಲಿಲ್ಲ. ಜನ ಬರುತ್ತಿದ್ದದ್ದು ಅದರ ನಾಯಕ, ಸಿನಿಮಾ ತಾರೆ ಹ್ಯೂ ಜಾಕ್‌ಮನ್‌ಗಾಗಿ. ಅವರು ಹೊರಡುವ ಹೊತ್ತಿಗೆ, 2023ರ ಜನವರಿಯಲ್ಲಿ, ನಾಟಕವನ್ನೇ ಮುಗಿಸಿದರು. ಸಿನಿಮಾ ತಾರೆಯರ ನಾಟಕಗಳು ಹೆಚ್ಚಾಗಿ ಮೊದಲೇ ಗೊತ್ತು ಮಾಡಿದ ಕೆಲವು ತಿಂಗಳಷ್ಟೇ ನಡೆಯುತ್ತವೆ.

ಅಂದಹಾಗೆ, ‘ಫ್ಯಾಂಟಮ್’ ಲಂಡನ್‌ನಲ್ಲಿ ಇನ್ನೂ ನಡೆಯುತ್ತಿದೆ. ನ್ಯೂಯಾರ್ಕ್‌ನಲ್ಲಿ ಅದು ಬಿಟ್ಟುಹೋದ ಮೆಜೆಸ್ಟಿಕ್ ಥಿಯೇಟರ್ ದುರಸ್ತಿಯಾಗಿ, 2024ರ ಕೊನೆಯಲ್ಲಿ ‘ಜಿಪ್ಸಿ’ ಎಂಬ ನಾಟಕಕ್ಕೆ ಬಾಗಿಲು ತೆರೆಯಿತು.