ಸಂದು ಹುಡುಕುವ ಕಿವಿ

"ಇವರ ಕಿವಿ ಸರಿ ಉಂಟಾ ಅಂತ ಒಂದ್ಸಲ ನೋಡಿ ಮೇಡಂ." ಮಾತು ಶುರು ಮಾಡಿದ್ದು ಹೆಂಡತಿ.

ಗಂಡ ತಡಮಾಡಲಿಲ್ಲ. "ಅಲ್ಲ, ಕಿವಿ ಸರಿ ಇಲ್ದಿದ್ರೆ ನೀನೀಗ ಹೇಳಿದ್ದು ನಂಗೆ ಕೇಳ್ತಿತ್ತಾ?"

ಚುರುಕು ಉತ್ತರ. ನನಗೆ ನಗು ಬಂತು, ಆಕೆಗೆ ಬರಲಿಲ್ಲ. ಆಪ್ತಸಮಾಲೋಚನೆಯ ಆ ಐವತ್ತು ನಿಮಿಷದಲ್ಲಿ ಗಂಡ ಎಷ್ಟು ಸಲ 'ಅಲ್ಲ' ಎಂದು ಮಾತು ತೆಗೆಯುತ್ತಾರೆಂದು ಡೈರಿಯ ಅಂಚಿನಲ್ಲಿ ಗೆರೆ ಎಳೆಯುತ್ತಾ ಹೋದೆ. ಹತ್ತೊಂಬತ್ತು ಗೆರೆ.

ದಂಪತಿಯ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಆತನಿಗೆ 52 ವರ್ಷ. ತೀರ್ಥಹಳ್ಳಿ ಕಡೆಯವರು. ಸಹಕಾರ ಸಂಘವೊಂದರಲ್ಲಿ ಮೇಲ್ವಿಚಾರಕರು, ಮೂರು ಎಕರೆ ಅಡಿಕೆ ತೋಟ, ಎರಡು ದನ. ಮಳೆಗಾಲ ಹಿಡಿಯಿತೆಂದರೆ ತಾಳಮದ್ದಳೆಯ ಹುಚ್ಚು. ಭಾಗವತರು ಹಾಡಿದ ಪದ್ಯಕ್ಕೆ ಕೂತಲ್ಲೇ ಮಾತಿನಲ್ಲಿ ಅರ್ಥ ಹೇಳುತ್ತಾ, ಪಾತ್ರಗಳಾಗಿ ವಾದಿಸುವ ಯಕ್ಷಗಾನದ ಬಗೆ ಅದು. ಕೌರವನ ಅರ್ಥ ಹೇಳಲು ಕೂತರೆ ಎದುರು ಕೂತವರು ಬೆವರುತ್ತಾರಂತೆ. (ನಮ್ಮ ಜಿಲ್ಲೆಯಲ್ಲಿ ಇಂಥವರು ಹೋಬಳಿಗೆ ಹತ್ತು ಜನ ಸಿಗುತ್ತಾರೆ, ಗುರುತಿನ ಭಯವಿಲ್ಲ.) ಹೆಂಡತಿಯ ದೂರು ಒಂದೇ ವಾಕ್ಯದಲ್ಲಿತ್ತು: "ಸಂಧಾನಕ್ಕೆ ಬಂದ ಕೃಷ್ಣನಿಗೆ ಆದ ಗತಿಯೇ ನಂಗೆ ದಿನಾ ಮನೇಲಿ."

ಆದರೆ ಅವರು ಶಿವಮೊಗ್ಗಕ್ಕೆ ನನ್ನಲ್ಲಿಗೆ ಬಂದದ್ದು ಹೆಂಡತಿಯ ಮಾತಿಗಲ್ಲ, ಮೈಲುತುತ್ತದ (ಕಾಪರ್ ಸಲ್ಫೇಟ್) ದೆಸೆಯಿಂದ. ಮೇ ಕೊನೆಯ ವಾರ ಗೋಡೌನಿನ ಹುಡುಗ ಬಂದು "ಸರ್, ಮೈಲುತುತ್ತದ ಚೀಲ..." ಎಂದು ಬಾಯಿ ತೆರೆದಿದ್ದ. ಇವರು "ಅಲ್ಲ, ಹೋದ ವಾರ ತಾನೇ ಲೋಡ್ ಬಂದಿದೆಯಲ್ಲ, ಸ್ಟಾಕ್ ನಾನೇ ನೋಡಿದ್ದೇನೆ" ಎಂದರು. ಹುಡುಗ "ಹೂಂ ಸರ್" ಎಂದು ಹೋದ. ಅವನು ಹೇಳಬೇಕೆಂದಿದ್ದದ್ದು ಬೇರೆ. ಹಿಂದಿನ ಮೂಲೆ ಸೋರಿ ಚೀಲಗಳು ನೆನೆದಿದ್ದವು, ನೆಲದ ಮೇಲೆ ನೀಲಿ ನೀರು ಹರಿಯುತ್ತಿತ್ತು. ಕೊಳೆರೋಗ ತಡೆಯಲು ಅಡಿಕೆಗೆ ಹೊಡೆಯುವ ಶೇ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ ಬೇಕು. ಮೊದಲ ಔಷಧಿ ಮಳೆ ಕಟ್ಟಿಕೊಳ್ಳುವ ಮುಂಚೆ ಅಡಿಕೆ ಗೊನೆಗೆ ಬೀಳಲೇಬೇಕು. ತಪ್ಪಿದರೆ ಕೊಳೆ. ಸದಸ್ಯರು ಚೀಲ ಹಿಡಿದು ಬಂದ ದಿನ ಅರ್ಧ ಜನಕ್ಕೆ ಇಲ್ಲ ಎನ್ನಬೇಕಾಯಿತು. "ಹುಡುಗ ಹೇಳಲೇ ಇಲ್ಲ" ಎಂದು ಇವರು; "ಹೇಳೋಕೆ ಬಿಡಲಿಲ್ಲ" ಎಂದು ಹುಡುಗ.

ಹೆಂಡತಿಯ ಮಾತನ್ನು ಕಟಕಿ ಎಂದು ತಳ್ಳಿಹಾಕದೆ ಮೊದಲು ಕಿವಿಯ ಪರೀಕ್ಷೆಗೇ ಕಳಿಸಿದೆ. ಐವತ್ತು ದಾಟಿದವರಲ್ಲಿ ಎಷ್ಟೋ ಸಲ ಮೇಲಿನ ಸ್ಥಾಯಿಯ ಸದ್ದು ಮೊದಲು ಮಂಕಾಗುತ್ತದೆ. ಸ್ವರ ಕೇಳಿಸುತ್ತದೆ, ಸ, ಶ, ತ, ಕ ಜಾರಿಹೋಗುತ್ತವೆ. ಸದ್ದಿರುವ ಕಡೆ ಮಾತು ಗೊತ್ತಾಗುವುದಿಲ್ಲ, ಮನೆಯವರು ಅದನ್ನು ಸೊಕ್ಕು ಅಂದುಕೊಳ್ಳುತ್ತಾರೆ. ಇವರಿಗೆ ಎರಡೂ ಕಿವಿ 25 ಡೆಸಿಬೆಲ್‌ನ ಒಳಗೇ ಇತ್ತು. ಕಿವಿ ಸರಿ ಇದೆ ಎಂದಾಯಿತು.

ಮುಂದೆ ನಾನೇ ಒಂದು ತಪ್ಪು ಮಾಡಿದೆ. ತರಬೇತಿಗಳಲ್ಲಿ ಹಂಚುವ ಮಾಮೂಲಿ ಪಟ್ಟಿ ಕೊಟ್ಟೆ: ಕಣ್ಣಲ್ಲಿ ಕಣ್ಣಿಡಿ, ತಲೆಯಾಡಿಸಿ, ಮೊಬೈಲ್ ಬದಿಗಿಡಿ, ನಡುವೆ ಬಾಯಿ ಹಾಕಬೇಡಿ. ಎರಡು ವಾರ ಬಿಟ್ಟು ಬಂದ ಹೆಂಡತಿ, "ಮೇಡಂ, ಈಗ ಮನೇಲೂ ವೇಷ ಕಟ್ಟಿದ್ದಾರೆ" ಎಂದರು. ಪಟ್ಟಿಯಲ್ಲಿದ್ದುದೆಲ್ಲ ಕೂರುವ ಭಂಗಿ ಅಷ್ಟೆ. ಭಂಗಿ ಅವರಿಗೆ ನೀರು ಕುಡಿದಷ್ಟು ಸುಲಭ.

ಅವರಿಗೆ ಕೇಳಿಸಿಕೊಳ್ಳುವುದು ಬರುವುದಿಲ್ಲ ಎಂದು ನಾನು ಒಪ್ಪಲಾರೆ. ಎದುರಾಳಿ ಒಂದು ತಾಸಿನ ಹಿಂದೆ ಆಡಿದ ಮಾತನ್ನು ಶಬ್ದ ಬಿಡದೆ ಎತ್ತಿ ಅವನ ಮುಂದೇ ಇಡುವವರು ಅವರು. ಅಷ್ಟು ಗಮನ ಕೊಡುವವರು ನನ್ನ ವೃತ್ತಿಯಲ್ಲೂ ಕಡಿಮೆ. ಆದರೆ ಅದು ಸಂದು ಹುಡುಕುವ ಕಿವಿ. ಮಾತಿನಲ್ಲಿ ಎಲ್ಲಿ ಸಡಿಲ ಇದೆ, ಎಲ್ಲಿ ಹಿಡಿಯಬಹುದು ಎಂದು ಕಾಯುವ ಕಿವಿ. ತಾಳಮದ್ದಳೆಯ ಕೂಟದಲ್ಲಿ ಅದಕ್ಕೆ ಶಾಲು ಹೊದೆಸುತ್ತಾರೆ. ಗೋಡೌನಿನ ಹುಡುಗನಿಗೂ ಹೆಂಡತಿಗೂ ಅದೇ ಕಿವಿ ಕೊಟ್ಟದ್ದೇ ಎಡವಟ್ಟು.

ಹಾಗಾಗಿ ಹೊಸದೇನನ್ನೂ ಕಲಿಸದೆ ಅವರ ವಿದ್ಯೆಯನ್ನೇ ತಿರುಗಿಸಿದೆ. "ನಿಮ್ಮ ಕೂಟದಲ್ಲಿ ಭಾಗವತರು ಪದ್ಯ ಹೇಳದೆ ನೀವು ಅರ್ಥ ಶುರು ಮಾಡ್ತೀರಾ?" ಎಂದೆ.

"ಅಲ್ಲ, ಅದು ಹೇಗಾಗ್ತದೆ?"

"ಪದ್ಯದಲ್ಲಿ ಇಲ್ಲದ್ದು ಹೇಳಿದ್ರೆ?"

"ಪದ್ಯ ಬಿಟ್ಟು ಹೋದ ಅಂತಾರೆ. ಮರ್ಯಾದೆ ಹೋಗ್ತದೆ."

"ಇನ್ನು ಮೇಲೆ ಮನೆಯವರ ಮಾತು ಪದ್ಯ. ಮೊದಲು ಅದಕ್ಕೆ ಅರ್ಥ ಹೇಳಿ. ಸರಿ ಎಂದು ಅವರು ಒಪ್ಪಿದ ಮೇಲೆ ನಿಮ್ಮ ವಾದ."

ನಿಯಮ ನನ್ನದಲ್ಲ. ಎದುರಿನವರ ವಿಚಾರವನ್ನೂ ಭಾವನೆಯನ್ನೂ ಅವರಿಗೆ ಒಪ್ಪಿಗೆಯಾಗುವಂತೆ ತಿರುಗಿ ಹೇಳಿದ ಮೇಲಷ್ಟೇ ನಿಮ್ಮ ಸರದಿ ಎಂದು ಅಮೆರಿಕದ ಮನೋವಿಜ್ಞಾನಿ ಕಾರ್ಲ್ ರೋಜರ್ಸ್ 1950ರ ದಶಕದ ಆರಂಭದಲ್ಲೇ ಹೇಳಿದ್ದರು. ರೋಜರ್ಸ್ ಹೆಸರು ಹೇಳಿದ್ದರೆ ಇವರು ಅದರಲ್ಲೂ ಸಂದು ಹುಡುಕುತ್ತಿದ್ದರು. ಭಾಗವತರ ಹೆಸರಿಗೆ ತಲೆಬಾಗಿದರು.

ಅಲ್ಲೇ ಒಂದು ಪ್ರಯೋಗ ಮಾಡಿದೆವು. ಹೆಂಡತಿ ಹೇಳಿದರು: "ಈ ವರ್ಷ ದನದ ಕೆಲಸ ನನ್ ಕೈಲಿ ಆಗಲ್ಲ."

ಅರ್ಥಧಾರಿಗಳು ಗಂಟಲು ಸರಿಮಾಡಿಕೊಂಡರು. "ದನ ಮಾರಬೇಕು ಅಂತ ನಿನ್ನ ಅಭಿಪ್ರಾಯ."

"ಅಲ್ಲ." ಈ ಸಲದ 'ಅಲ್ಲ' ಆಕೆಯದು.

"ಅಲ್ಲ, ಮತ್ತೆ... ದನ ಇಲ್ದಿದ್ರೆ ತೋಟಕ್ಕೆ ಗೊಬ್ಬರ..." ಎಂದು ಹೊರಟವರು ನನ್ನ ಮುಖ ನೋಡಿ ನಿಲ್ಲಿಸಿದರು. "ಪದ್ಯದಲ್ಲಿ ಗೊಬ್ಬರ ಇಲ್ಲ" ಎಂದೆ. ಅವರೇ ನಕ್ಕರು. ಎರಡನೇ ಸಲ, "ಮಂಡಿ ನೋವು. ಕೆಲಸಕ್ಕೆ ಜನ ಸಿಕ್ತಿಲ್ಲ. ಅದಕ್ಕೆ ಕಷ್ಟ ಆಗ್ತಿದೆ."

"ಅರ್ಧ ಸರಿ."

ಉಳಿದರ್ಧ ಅವರಿಗೆ ಗೊತ್ತಿರಲಿಲ್ಲ. ಅವರು ಸುಮ್ಮನಾದರು. ಹೊಳೆದ ವಾದ ನುಂಗಿಕೊಂಡ ಮೌನವಲ್ಲ ಅದು, ನಿಜಕ್ಕೂ ಹೇಳಲು ಏನೂ ಇರಲಿಲ್ಲ. ನಾನೂ ಬಾಯಿ ಹಾಕಲಿಲ್ಲ. ಆಕೆ ಸೆರಗಿನ ತುದಿ ಮಡಚಿ ಮಡಚಿ ಕಡೆಗೆ ಹೇಳಿದರು: "ಆಷಾಢದಲ್ಲಿ ಕೊಟ್ಟಿಗೆ ಮೆಟ್ಟಿಲ ಮೇಲೆ ಜಾರಿ ಬಿದ್ದಿದ್ದೆ. ಪಾಚಿ ಕಟ್ಟಿತ್ತು. ಏಳೋಕೆ ಆಗದೆ ಸುಮಾರು ಹೊತ್ತು ಮಳೇಲೇ ಕೂತಿದ್ದೆ. ನೀವು ಕೂಟಕ್ಕೆ ಹೋಗಿದ್ರಿ. ಬಂದ ಮೇಲೆ ಹೇಳೋಣ ಅಂದ್ಕೊಂಡೆ. ಹೇಳಿದ್ರೆ, ಚಪ್ಪಲಿ ಯಾಕೆ ಹಾಕಿರಲಿಲ್ಲ ಅಂತ ಕೇಳ್ತೀರಿ ಅಂತ ಬಿಟ್ಟೆ."

ಆತ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದ್ದು ಇಷ್ಟು: "ಹೌದು. ಹಾಗೇ ಕೇಳ್ತಿದ್ದೆ."

ನನ್ನ ಲೆಕ್ಕದಲ್ಲಿ ಅದು ಅವರು ಹೇಳಿದ ಮೊದಲ ಸರಿಯಾದ ಅರ್ಥ.

ಮನೆಗೆ ಕೊಟ್ಟ ಸಲಹೆ ಹೆಚ್ಚಿಲ್ಲ. ದಿನಕ್ಕೆ ಒಂದು ಮಾತಿಗೆ ಮಾತ್ರ ಪದ್ಯ-ಅರ್ಥದ ನಿಯಮ, ಎಲ್ಲದಕ್ಕೂ ಹಿಡಿದರೆ ಹುಚ್ಚು ಹಿಡಿಯುತ್ತದೆ. ಸಮಯ ರಾತ್ರಿ ಊಟದ ಮೇಲೆ. ಶೀಟಿನ ಮೇಲೆ ಮಳೆ ಬಡಿಯುವ ಹಿಂದಿನ ಜಗಲಿ ಬೇಡ, ಅಲ್ಲಿ ಯಾರ ಮಾತೂ ಕೂಗಾಟವೇ ಆಗುತ್ತದೆ. ಆಕೆಗೂ ಒಂದು ಮಾತು ಹೇಳಿದೆ: 'ದನದ ಕೆಲಸ ಆಗಲ್ಲ' ಎಂದು ಸುತ್ತಿ ಬರಬೇಡಿ, 'ನಾನು ಬಿದ್ದೆ' ಎಂದೇ ಶುರು ಮಾಡಿ. "ಬಾಯಲ್ಲಿ ಎಲೆಯಡಿಕೆ ಕವಳ ಹಾಕ್ಕೊಂಡು ಕೂತ್ರೆ ಸಾಕಲ್ಲ ಮೇಡಂ, ಹೂಂ ಬಿಟ್ರೆ ಬೇರೆ ಬರಲ್ಲ" ಎಂದರು ಆತ. ಅಡಿಕೆ ಜಗಿದರೆ ಬಾಯಿ ಕ್ಯಾನ್ಸರಿನ ಅಪಾಯ ಇದೆ. ಅಡಿಕೆಯನ್ನೇ ನಂಬಿದ ಊರಿನವರಿಗೆ ಅದನ್ನು ಹೇಳುವುದು ಕಷ್ಟ, ಆದರೂ ಹೇಳಿದೆ. ಬದಲಿಗೆ ಅಂಗಿಯ ಎಡಜೇಬಿನಲ್ಲಿ ಹತ್ತು ಗೋಟಡಿಕೆ ಇಟ್ಟುಕೊಂಡು, 'ಅಲ್ಲ' ಎಂದಾಗಲೆಲ್ಲ ಒಂದನ್ನು ಪ್ಯಾಂಟಿನ ಜೇಬಿಗೆ ದಾಟಿಸಲು ಹೇಳಿದೆ. ಮೊದಲ ದಿನ ಹನ್ನೊಂದು ಗಂಟೆಯೊಳಗೆ ಅಂಗಿಜೇಬು ಖಾಲಿ.

ಆಫೀಸಿನದು ಬೇರೆ. ಅಲ್ಲಿ ಅಡ್ಡ ಬಂದದ್ದು ಅವರ "ಅರ್ಥ ಆಯ್ತಾ?" ಎಂಬ ಪ್ರಶ್ನೆ. ಮೇಲಿನವರು ಹಾಗೆ ಕೇಳಿದರೆ ಕೆಳಗಿನವರಿಗಿರುವ ಉತ್ತರ "ಹೂಂ ಸರ್" ಒಂದೇ. ಅದನ್ನು ಬಿಟ್ಟು "ಇಲ್ಲಿಂದ ಹೋಗಿ ಮೊದಲು ಏನು ಮಾಡ್ತೀಯಾ, ಹೇಳು" ಎಂದು ಕೇಳಲು ಹೇಳಿದೆ. ಗೊಂದಲವಿದ್ದರೆ ಅಲ್ಲೇ ಹೊರಬೀಳುತ್ತದೆ. ಇನ್ನೊಂದು, ಯಾರಾದರೂ ಬಾಗಿಲಲ್ಲಿ ನಿಂತು "ಸರ್..." ಎಂದರೆ ಪೆನ್ನು ಕೆಳಗಿಟ್ಟು "ಹೇಳು" ಎನ್ನಬೇಕು. ಅವನು ನಿಲ್ಲಿಸಿದ ಮೇಲೆ "ಇನ್ನೇನಾದರೂ ಉಂಟಾ?" ಎಂದು ಕೇಳಬೇಕು. ಹೇಳಲು ಬಂದ ಅಸಲಿ ಸಂಗತಿ ಎಷ್ಟೋ ಸಲ ಆ ಎರಡನೇ ಪ್ರಶ್ನೆಗೇ ಬರುತ್ತದೆ. ಗೋಡೌನಿನ ಹುಡುಗನ ಹತ್ತಿರ ತಪ್ಪು ಒಪ್ಪಿಕೊಳ್ಳಿ ಎಂದೂ ಹೇಳಿದ್ದೆ. ಅದನ್ನು ಅವರು ಇವತ್ತಿಗೂ ಮಾಡಿಲ್ಲ. ಸೋರುವ ಮೂಲೆಗೆ ಹೆಂಚು ಹಾಕಿಸಿದ್ದಾರೆ.

ನಾಲ್ಕು ತಿಂಗಳಲ್ಲಿ ಆರು ಭೇಟಿ ಆಯಿತು. ದನ ಎರಡೂ ಕೊಟ್ಟಿಗೆಯಲ್ಲೇ ಇವೆ. ಬೆಳಗಿನ ಹುಲ್ಲು, ಸಗಣಿ ಆತನ ಪಾಲಿಗೆ ಬಂದಿದೆ. ಮೆಟ್ಟಿಲಿನ ಬದಿಗೆ ಹಿಡಿದುಕೊಳ್ಳಲು ಅಡಿಕೆ ದಬ್ಬೆ ಕಟ್ಟಿದ್ದಾರೆ. ವಾದ ನಿಂತಿಲ್ಲ. "ಈಗ ಅರ್ಥ ಹೇಳಿ ಆಮೇಲೆ ವಾದ ಮಾಡ್ತಾರೆ" ಎಂದು ಹೆಂಡತಿ.

ಮಗಳ ವಿಷಯ ಇನ್ನೂ ಹಾಗೇ ಇದೆ. ಅವಳು ಶಿವಮೊಗ್ಗದಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾಳೆ. ಅಪ್ಪ ಫೋನ್ ಮಾಡಿದರೆ "ಹೂಂ", "ಆಯ್ತು", "ಅಮ್ಮಂಗೆ ಕೊಡಿ", ಇಷ್ಟೇ. ಮೊನ್ನೆ ಅವರು ಕೇಳಿದರು, "ಅವಳು ಪದ್ಯವೇ ಹೇಳೋದಿಲ್ಲ ಮೇಡಂ, ಅರ್ಥ ಎಲ್ಲಿಂದ ಹೇಳಲಿ?" ಸದ್ಯಕ್ಕೆ ಪ್ರಶ್ನೆ ಕೇಳಬೇಡಿ, ಶಿವಮೊಗ್ಗಕ್ಕೆ ಬಂದಾಗ ಒಂದು ಊಟಕ್ಕೆ ಕರೆದುಕೊಂಡು ಹೋಗಿ ಎಂದಿದ್ದೇನೆ. ಹೋದ ಶನಿವಾರ ಹೋಗಿದ್ದರಂತೆ. ಮುಕ್ಕಾಲು ಗಂಟೆ ಕೂತು, ಅವಳು ಮಾತಾಡಿದ್ದು ಮಸಾಲೆ ದೋಸೆಯ ಬಗ್ಗೆ ಮಾತ್ರ. ಇವರು ಅದಕ್ಕೂ ಹೂಂಗುಟ್ಟಿದರಂತೆ.